ವಿದ್ಯಾರ್ಥಿನಿಲಯದ ಟಿ.ವಿ. ಕೋಣೆ ಮತ್ತು ಕೆಂಪು ಕೂದಲಿನ ಲೀಟಾ

2000ನೇ ಇಸವಿಯಲ್ಲಿ ನಾನು ಈ ಕಾಲೇಜಿನ ಬಿ.ಎ. ಮೊದಲ ವರ್ಷಕ್ಕೆ ಸೇರಿದಾಗ ಮಹಿಳಾ ವಿದ್ಯಾರ್ಥಿನಿಲಯದ ಟಿ.ವಿ. ಕೋಣೆಯಲ್ಲಿ ಎರಡು ಪಕ್ಷಗಳಿದ್ದವು. ಒಂದು ಧಾರಾವಾಹಿಯ ಪಕ್ಷ, ಇನ್ನೊಂದು ಡಬ್ಲ್ಯೂ.ಡಬ್ಲ್ಯೂ.ಎಫ್., ಅಂದರೆ ಅಮೆರಿಕದ ಕುಸ್ತಿ ಕಂಪನಿಯ ಕಾರ್ಯಕ್ರಮದ ಪಕ್ಷ. ಎರಡನೆಯದರಲ್ಲಿ ನಾವು ಬೆರಳೆಣಿಕೆಯಷ್ಟು ಮಂದಿ. ರಾತ್ರಿ ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಧಾರಾವಾಹಿ ಮುಗಿಯುವ ತನಕ ಗೋಡೆಗೆ ಒರಗಿ ಕಾಯುತ್ತಿದ್ದೆವು. ವಾರ್ಡನ್ ದೀಪ ಆರಿಸಲು ಬರುವುದರೊಳಗೆ ಸಿಕ್ಕಷ್ಟು ಕುಸ್ತಿ ನಮ್ಮ ಪಾಲಿಗೆ. ಕಾಲೇಜಿನ ನೆನಪುಗಳನ್ನು ಬರೆಯುವಾಗ ಎಲ್ಲರೂ ಗುರುಗಳನ್ನೂ ಗ್ರಂಥಾಲಯವನ್ನೂ ನೆನೆಯುತ್ತಾರೆ, ನಾನೂ ನೆನೆಯುತ್ತೇನೆ. ಆದರೆ ನನ್ನನ್ನು ದೈಹಿಕ ಶಿಕ್ಷಣದ ದಾರಿಗೆ ಹಚ್ಚಿದವರಲ್ಲಿ ಈ ಕಾಲೇಜಿನ ಮೆಟ್ಟಿಲನ್ನು ಎಂದೂ ಹತ್ತದ ಒಬ್ಬಳಿದ್ದಾಳೆ: ಅಮೆರಿಕದ ಕುಸ್ತಿಪಟು ಲೀಟಾ. ಅವಳ ಮೊದಲ ವರ್ಷಗಳ ಕಥೆಯನ್ನು ಈ ಸಂಚಿಕೆಯಲ್ಲಿ ದಾಖಲಿಸಬೇಕೆಂಬುದು ನನ್ನ ಬಹುದಿನದ ಆಸೆ.

ನಮ್ಮೂರು ಗದಗ ಜಿಲ್ಲೆಯದು. ಅಪ್ಪ ಗರಡಿಯಲ್ಲಿ ಬೆಳೆದವರು. ಜಾತ್ರೆಯ ಕುಸ್ತಿಯೆಂದರೆ ಅವರಿಗೆ ಪ್ರಾಣ. ನಾವು ಹೆಣ್ಣುಮಕ್ಕಳು ಮಾತ್ರ ಕಣದ ಹತ್ತಿರ ಸುಳಿಯುವಂತಿರಲಿಲ್ಲ. ದೂರದ ಮಾಳಿಗೆಯ ಮೇಲೆ ನಿಂತು ಹಲಗೆಯ ಸದ್ದು ಕೇಳುತ್ತಾ ಧೂಳಿನಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂದು ಊಹಿಸುತ್ತಿದ್ದೆವು. ರಜೆಯಲ್ಲಿ ಮನೆಗೆ ಹೋಗಿ ನಾನು ಅಮೆರಿಕದ ಕುಸ್ತಿಯ ಸುದ್ದಿ ತೆಗೆದಾಗ ಅಪ್ಪ, “ಅದು ಕುಸ್ತಿಯಲ್ಲವ್ವಾ, ನಾಟಕ. ಯಾರು ಗೆಲ್ಲಬೇಕು ಎಂಬುದು ಮೊದಲೇ ಮಾತಾಗಿರುತ್ತದೆ” ಎಂದರು. ಅಪ್ಪನ ಮಾತು ನಿಜ. ಅಲ್ಲಿ ಫಲಿತಾಂಶ ಮೊದಲೇ ನಿಶ್ಚಯವಾಗಿರುತ್ತದೆ. ಆದರೆ ಹತ್ತು ಅಡಿ ಎತ್ತರದಿಂದ ಬೆನ್ನಿನ ಮೇಲೆ ಬೀಳುವುದನ್ನು ಯಾರೂ ನಟಿಸಲಾರರು. ಉಕ್ಕಿನ ತೊಲೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ತೆಳುವಾದ ಮೆತ್ತೆ, ಅದಕ್ಕೊಂದು ಕ್ಯಾನ್ವಾಸ್ ಹೊದಿಕೆ. ಅವರ ಕಣವೆಂದರೆ ಇಷ್ಟೇ. ಗರಡಿಯ ಹದ ಮಾಡಿದ ಮಣ್ಣು ಅದಕ್ಕಿಂತ ಎಷ್ಟೋ ಮೃದು.

ನಾವು ನೋಡತೊಡಗಿದ ಹೊತ್ತಿಗೆ ಲೀಟಾ, ಹಾರ್ಡಿ ಸಹೋದರರೆಂಬ ಕುಸ್ತಿಪಟುಗಳಾದ ಮ್ಯಾಟ್ ಮತ್ತು ಜೆಫ್ ಅವರ ಜೊತೆಗಿದ್ದಳು. ಬೆಂಕಿಯಂಥ ಕೆಂಪು ಕೂದಲು, ಜೋಲಾಡುವ ದೊಗಲೆ ಪ್ಯಾಂಟು, ತೋಳಿನ ಮೇಲೆ ಹಚ್ಚೆ. ಪುರುಷ ಕುಸ್ತಿಪಟುವಿನ ಜೊತೆ ಕಣದ ತನಕ ಬಂದು ಹಗ್ಗದ ಹೊರಗೆ ನಿಲ್ಲುವ ಹೆಣ್ಣನ್ನು ಅಲ್ಲಿ ವ್ಯಾಲೆ ಎನ್ನುತ್ತಾರೆ. 1980ರ ದಶಕದಲ್ಲಿ ರ‍್ಯಾಂಡಿ ಸ್ಯಾವೇಜ್ ಜೊತೆ ಬರುತ್ತಿದ್ದ ಮಿಸ್ ಎಲಿಜಬೆತ್ ಆ ಪಾತ್ರಕ್ಕೆ ಮಾದರಿಯಾಗಿದ್ದಳು: ಅಂದದ ಉಡುಪು, ಆತಂಕದ ಮುಖ, ಕಣದೊಳಗೆ ಕಾಲಿಡದ ಸಂಕೋಚ. ಇನ್ನೊಬ್ಬಳು ಶೆರಿ ಮಾರ್ಟೆಲ್. 1987ರಲ್ಲಿ ಫ್ಯಾಬ್ಯುಲಸ್ ಮೂಲಾಳನ್ನು ಸೋಲಿಸಿ ಚಾಂಪಿಯನ್ ಆದವಳು ಅವಳು. ಆದರೆ ಡಬ್ಲ್ಯೂ.ಡಬ್ಲ್ಯೂ.ಎಫ್. ಕಂಪನಿಗೆ ಮಹಿಳಾ ಕುಸ್ತಿಯಲ್ಲಿ ಆಸಕ್ತಿ ಕಡಿಮೆಯಾಗುತ್ತಾ ಬಂದು, 1990ರಿಂದ 1993ರ ಕೊನೆಯ ತನಕ ಮಹಿಳಾ ಪಟ್ಟಕ್ಕೇ ಒಡತಿಯಿರಲಿಲ್ಲ. ಅಷ್ಟು ಕಸುವಿನ ಕುಸ್ತಿಪಟು ತನ್ನ ಒಳ್ಳೆಯ ವರ್ಷಗಳನ್ನು ಹಗ್ಗದ ಹೊರಗೆ, ಗಂಡಸರ ವ್ಯವಸ್ಥಾಪಕಿಯಾಗಿ ಕಳೆದಳು. ಇದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಶೆರಿ ಒಳಗಿನಿಂದ ಹೊರಗೆ ಬಂದವಳು. ಲೀಟಾ ಹೊರಗಿನಿಂದ ಒಳಗೆ ಹೋದವಳು. ಅವಳು ಹೋದ ಬಗೆಯನ್ನು ಮುಂದೆ, 2003ರಲ್ಲಿ ಅವಳ ಆತ್ಮಕಥೆ ಬಂದ ಮೇಲೆ, ನಾನು ಬಿಡಿಸಿ ಬಿಡಿಸಿ ತಿಳಿದುಕೊಂಡೆ.

ಅವಳ ನಿಜವಾದ ಹೆಸರು ಏಮಿ ಡೂಮಸ್. 1975ರ ಏಪ್ರಿಲ್ 14ರಂದು ಫ್ಲಾರಿಡಾ ರಾಜ್ಯದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಹುಟ್ಟಿದವಳು. ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿ, ಪದವಿ ಮುಗಿಸದೆ ಬಿಟ್ಟಳು. ಕೆಲಕಾಲ ಸಂಗೀತ ತಂಡಗಳ ಒಡನಾಟದಲ್ಲಿ ಊರೂರು ತಿರುಗಿದಳು. ಒಮ್ಮೆ ಟಿ.ವಿ.ಯಲ್ಲಿ ರೇ ಮಿಸ್ಟೀರಿಯೋ ಜೂನಿಯರ್‌ನ ಆಟ ಕಂಡಳು. ದೈತ್ಯರ ನಡುವೆ ಐದೂವರೆ ಅಡಿಯ ಆಸುಪಾಸಿನ ಒಬ್ಬ ಮುಖವಾಡಧಾರಿ ಹಗ್ಗದಿಂದ ಹಗ್ಗಕ್ಕೆ ಚಿಮ್ಮುತ್ತಿದ್ದ. ಈ ವಿದ್ಯೆ ಬೇಕಾದರೆ ಅದು ಬೆಳೆದ ನೆಲಕ್ಕೇ ಹೋಗಬೇಕು ಎಂದುಕೊಂಡು ಏಮಿ ಮೆಕ್ಸಿಕೋಗೆ ಹೊರಟಳು. ತಾನೇ ದುಡಿದು ಕೂಡಿಸಿದ ಹಣದಲ್ಲಿ ಹೊರಟ ಆ ಹುಡುಗಿಯನ್ನು ನೆನೆದಾಗಲೆಲ್ಲ ನನ್ನ ಎದೆ ಉಬ್ಬುತ್ತದೆ.

ಮೆಕ್ಸಿಕೋದ ಕುಸ್ತಿಗೆ ಲೂಚಾ ಲಿಬ್ರೆ ಎಂದು ಹೆಸರು. ಅಲ್ಲಿನ ಹಿರಿಯ ಸಂಸ್ಥೆ 1933ರಲ್ಲಿ ಶುರುವಾದದ್ದು, ಇಂದಿಗೂ ನಡೆಯುತ್ತಿದೆ. ಮುಖವಾಡ ಅಲ್ಲಿ ಆಟಗಾರನ ಮಾನ. ಸೋತು ಅದನ್ನು ಕಳಚುವುದೆಂದರೆ ಬದುಕಿನ ದೊಡ್ಡ ಸೋಲು. ಹಳೆಯ ರೂಢಿಯಂತೆ ಪಂದ್ಯಗಳು ಮೂರು ಸುತ್ತುಗಳಲ್ಲಿ ಎರಡನ್ನು ಗೆದ್ದವರೇ ಗೆಲ್ಲುವ ಲೆಕ್ಕದಲ್ಲಿ ನಡೆಯುತ್ತವೆ. ತೂಕಕ್ಕಿಂತ ವೇಗಕ್ಕೆ, ಬಲಕ್ಕಿಂತ ತಿರುವಿಗೆ ಬೆಲೆ. ದೈಹಿಕ ಶಿಕ್ಷಕಿಯಾದ ನನಗೆ ತುಂಬಾ ಹಿಡಿಸಿದ ಸಂಗತಿ ಇನ್ನೊಂದಿದೆ. ಅಮೆರಿಕದಲ್ಲಿ ಎದುರಾಳಿಯ ತೋಳನ್ನೋ ಕಾಲನ್ನೋ ಹಿಡಿಯುವಾಗ ಎಡಭಾಗವನ್ನು ಹಿಡಿಯುವುದು ರೂಢಿ, ಮೆಕ್ಸಿಕೋದಲ್ಲಿ ಬಲಭಾಗ. ಎರಡೂ ಕಡೆ ಆಡುವವರ ಮೈ ಎರಡು ಬಗೆಯ ಲೆಕ್ಕವನ್ನು ಕಲಿಯಬೇಕಾಗುತ್ತದೆ. ಎದುರಾಳಿಯ ಹೆಗಲಿಗೆ ಜಿಗಿದು, ತೊಡೆಗಳ ನಡುವೆ ಅವನ ತಲೆಯನ್ನು ಸಿಕ್ಕಿಸಿ, ಸ್ವಂತ ದೇಹದ ತಿರುವಿನಿಂದಲೇ ಅವನನ್ನು ಉರುಳಿಸುವ ಹರಿಕೇನ್‌ರಾನಾ ಪಟ್ಟು ಮುಂದೆ ಲೀಟಾಳ ಕೈಗುರುತಾಯಿತು. ಅದರ ಬೇರು ಇಲ್ಲಿದೆ. ಇನ್ನೂರು ಪೌಂಡಿನ ಗಂಡಸನ್ನೂ ಅದರಿಂದ ಕೆಡವಬಹುದು. ನಾವು ಟಿ.ವಿ. ಮುಂದೆ ಕುಳಿತು ಕೂಗುತ್ತಿದ್ದದ್ದು ಅದೇ ಕಾರಣಕ್ಕೆ.

ಅಮೆರಿಕಕ್ಕೆ ಮರಳಿದ ಮೇಲೆ ಅವಳಿಗೆ ಸಿಕ್ಕಿದ್ದು ಸಣ್ಣಪುಟ್ಟ ಕಂಪನಿಗಳ ವ್ಯಾಲೆ ಕೆಲಸ. ಏಂಜೆಲಿಕಾ ಎಂಬ ಹೆಸರಿನಲ್ಲಿ ದುಡಿಯುತ್ತಿದ್ದಾಗ ಹಾರ್ಡಿ ಸಹೋದರರ ಪರಿಚಯವಾಯಿತು. ಅವರು ನಾರ್ತ್ ಕ್ಯಾರೊಲೈನಾ ರಾಜ್ಯದ ಕ್ಯಾಮರನ್ ಎಂಬ ಪುಟ್ಟ ಊರಿನವರು. ಒಮೇಗಾ ಎಂಬ ಸ್ವಂತ ಕಂಪನಿಯನ್ನೇ ಕಟ್ಟಿಕೊಂಡು, ಗೆಳೆಯರನ್ನು ಸೇರಿಸಿಕೊಂಡು ಆಡುತ್ತಿದ್ದರು. ಅವರ ಜೊತೆ ಏಮಿಯ ಅಭ್ಯಾಸ ಮುಂದುವರಿಯಿತು.

ವ್ಯಾಲೆ ಕೆಲಸವನ್ನು ಹಗುರವಾಗಿ ಕಾಣುವವರಿದ್ದಾರೆ, ಅವರಿಗಾಗಿ ನಾಲ್ಕು ಮಾತು. ಕಣದೊಳಗಿರುವವನು ಎದುರಾಳಿಯನ್ನು ನೋಡುತ್ತಿರುತ್ತಾನೆ. ಜನರನ್ನು ನೋಡುವವಳು ಹೊರಗಿರುವ ವ್ಯಾಲೆ. ಯಾವ ಕ್ಷಣದಲ್ಲಿ ಕಣದ ಅಂಚಿನ ಹಲಗೆಯನ್ನು ಬಡಿದು ಜನರನ್ನು ಎಬ್ಬಿಸಬೇಕು, ಯಾವಾಗ ಪಂಚನ ಗಮನ ಸೆಳೆಯಬೇಕು, ತನ್ನವನು ಬಿದ್ದಾಗ ಎಷ್ಟು ಮರುಗಬೇಕು, ಯಾವಾಗ ಏನನ್ನೂ ಮಾಡದೆ ಸುಮ್ಮನೆ ನಿಲ್ಲಬೇಕು, ಎಲ್ಲಕ್ಕೂ ಲೆಕ್ಕವಿದೆ. ಒಂದು ಉಸಿರಿನಷ್ಟು ಮೊದಲಾದರೂ ತಡವಾದರೂ ಒಳಗಿನವರ ಶ್ರಮ ಹಾಳು. ಯಕ್ಷಗಾನದ ಹಿಮ್ಮೇಳದವರು ವೇಷಧಾರಿಯ ಕಾಲನ್ನು ಕಾಯುವ ಹಾಗೆ ಅವಳು ಇಡೀ ಪಂದ್ಯವನ್ನು ಕಾಯುತ್ತಾಳೆ. ಲೀಟಾ ಕಣದೊಳಗೆ ಬಂದ ಮೇಲೆ ಜನರ ಜೊತೆ ಅಷ್ಟು ಸಲೀಸಾಗಿ ಮಾತನಾಡಬಲ್ಲವಳಾದದ್ದು, ಒಂದು ಕೈ ಎತ್ತಿದರೆ ಸಾವಿರಾರು ಜನ ಎದ್ದು ನಿಲ್ಲುವಂತಾದದ್ದು, ಈ ಹೊರಗೆ ನಿಂತ ದಿನಗಳಿಂದ ಎಂದು ನಾನು ದೃಢವಾಗಿ ನಂಬಿದ್ದೇನೆ.

1999ರಲ್ಲಿ ಅವಳು ಎಕ್ಸ್‌ಟ್ರೀಮ್ ಚಾಂಪಿಯನ್‌ಶಿಪ್ ರೆಸ್ಲಿಂಗ್, ಅಂದರೆ ಇ.ಸಿ.ಡಬ್ಲ್ಯೂ. ಸೇರಿದಳು. ಫಿಲಡೆಲ್ಫಿಯಾದ ಹಳೆಯ ಬಿಂಗೋ ಸಭಾಂಗಣವೇ ಆ ಕಂಪನಿಯ ಮನೆ. ಮೇಜು ಮುರಿಯುವ, ಕುರ್ಚಿಯಿಂದ ಬಡಿಯುವ ಒರಟು ಆಟಕ್ಕೆ ಹೆಸರಾದ ಜಾಗ, ಅಲ್ಲಿನ ಪ್ರೇಕ್ಷಕರೂ ಅಷ್ಟೇ ಒರಟು. ಮಿಸ್ ಕಂಜೀನಿಯಾಲಿಟಿ ಎಂಬ ಹೆಸರಿನಲ್ಲಿ ಡ್ಯಾನಿ ಡೋರಿಂಗ್ ಎಂಬ ಕುಸ್ತಿಪಟುವಿನ ಜೊತೆ ಬರುವ ಪಾತ್ರ ಅವಳದು. ಆ ಪಾತ್ರದಲ್ಲಿ ಹೆಚ್ಚೇನೂ ಇರಲಿಲ್ಲ. ಆದರೆ ಹಿರಿಯ ಕುಸ್ತಿಪಟು ಡೋರಿ ಫಂಕ್ ಜೂನಿಯರ್ ಅವರ ಕಣ್ಣಿಗೆ ಅವಳು ಬಿದ್ದದ್ದು ಆಗಲೇ. ಡೋರಿ ಫಂಕ್ ಸಾಮಾನ್ಯರಲ್ಲ. 1969ರಿಂದ 1973ರ ತನಕ, ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ವಿಶ್ವ ಚಾಂಪಿಯನ್ ಪಟ್ಟವನ್ನು ಬಿಡದೆ ಹಿಡಿದಿದ್ದವರು. ಫ್ಲಾರಿಡಾದ ಒಕಾಲಾದಲ್ಲಿ ಅವರೂ ಅವರ ಪತ್ನಿ ಮಾರ್ಟಿಯೂ ಒಂದು ಕುಸ್ತಿ ಶಾಲೆ ನಡೆಸುತ್ತಿದ್ದರು. ಮೆಕ್ಸಿಕೋದ ಹಾರಾಟ, ಕ್ಯಾರೊಲೈನಾದ ಹುಡುಗರ ಹುಚ್ಚು ಧೈರ್ಯ ಎರಡನ್ನೂ ಕಲಿತು ಬಂದವಳು ಅಲ್ಲಿ ಹಳೆಯ ಪದ್ಧತಿಯ ಹಿಡಿತ, ಬಿಡುವು, ಕ್ರಮಗಳನ್ನು ಕಲಿತಳು. ಅವಳ ಆಟದ ವಿಡಿಯೊವನ್ನು ಡಬ್ಲ್ಯೂ.ಡಬ್ಲ್ಯೂ.ಎಫ್.ಗೆ ತಲುಪಿಸಿದವರೂ ಫಂಕ್ ದಂಪತಿಗಳೇ. ಅದೇ ವರ್ಷದ ನವೆಂಬರಿನಲ್ಲಿ ಒಪ್ಪಂದವಾಯಿತು.

2000ದ ಫೆಬ್ರುವರಿ 13ರಂದು ಟಿ.ವಿ.ಯಲ್ಲಿ ಪ್ರಸಾರವಾದ ಅವಳ ಮೊದಲ ಪ್ರವೇಶವನ್ನು ನಾನು ಮುಂದೆ ಎಷ್ಟೋ ಸಲ ವಿಡಿಯೊದಲ್ಲಿ ನೋಡಿದ್ದೇನೆ. ಆವತ್ತೂ ಅವಳು ವ್ಯಾಲೆಯೇ. ಮೆಕ್ಸಿಕೋದ ಎಸ್ಸಾ ರಿಯೋಸ್ ಜೊತೆ ಬಂದಿದ್ದಳು. ರಿಯೋಸ್ ಮೂಲೆಯ ಕಂಬವೇರಿ, ಬೆನ್ನು ತಿರುಗಿಸಿ ನಿಂತು, ಹಿಂದಕ್ಕೆ ಲಾಗ ಹಾಕಿ ಎದುರಾಳಿಯ ಮೇಲೆ ಬಿದ್ದ. ಮೂನ್‌ಸಾಲ್ಟ್ ಎಂಬ ಪಟ್ಟು ಅದು. ಪಂದ್ಯ ಮುಗಿದು ಲಘು ತೂಕದ ಪಟ್ಟ ಅವನ ಕೈಗೆ ಬಂತು. ಆಮೇಲೆ ಲೀಟಾ ತಾನೂ ಅದೇ ಕಂಬವೇರಿ ಅದೇ ಮೂನ್‌ಸಾಲ್ಟ್ ಹಾಕಿದಳು. ಚಪ್ಪಾಳೆ ತಟ್ಟಲು ಬಂದವಳೆಂದು ಜನ ಎಣಿಸಿದ್ದ ಹುಡುಗಿ! ಆ ಒಂದು ಲಾಗದಲ್ಲಿ ಮೆಕ್ಸಿಕೋದಿಂದ ಒಕಾಲಾದ ತನಕ ಅವಳು ಕಲಿತದ್ದೆಲ್ಲ ಇದೆ.

ಮುಂದಿನದು ವೇಗವಾಗಿ ನಡೆಯಿತು. ರಿಯೋಸ್‌ನಿಂದ ಬೇರೆಯಾಗಿ ಹಾರ್ಡಿಗಳ ಜೊತೆ ಸೇರಿದಳು. 2000ದ ಜುಲೈನಲ್ಲಿ ಡಲ್ಲಾಸ್‌ನಲ್ಲಿ ನಡೆದ ಆರು ಜನರ ಪಂದ್ಯದಲ್ಲಿ ಟ್ರಿಶ್ ಸ್ಟ್ರೇಟಸ್‌ಳನ್ನು ಸೋಲಿಸಿದಳು. ಆಗಸ್ಟ್ 21ರಂದು ಲೂಸಿಯಾನಾದ ಲಫಾಯೆಟ್‌ನಲ್ಲಿ ಸ್ಟೆಫನಿ ಮೆಕ್‌ಮಹಾನ್‌ಳನ್ನು ಸೋಲಿಸಿ ಮಹಿಳಾ ಚಾಂಪಿಯನ್ ಆದಳು. ಪಂದ್ಯದ ಪಂಚನಾಗಿದ್ದವನು ಹೆಸರಾಂತ ಕುಸ್ತಿಪಟು ದಿ ರಾಕ್. ಗಂಡಸರ ಪಂದ್ಯಗಳೆಲ್ಲ ಮುಗಿದ ಮೇಲೆ, ರಾತ್ರಿಯ ಕೊನೆಯ ಪಂದ್ಯವಾಗಿ ಇದನ್ನು ಇಟ್ಟಿದ್ದರು. ಅದು ನಮ್ಮ ಕೇಬಲ್ಲಿಗೆ ಬಂದ ರಾತ್ರಿ ಧಾರಾವಾಹಿ ಪಕ್ಷದವರೂ ಎದ್ದು ಹೋಗದೆ ನಮ್ಮೊಡನೆ ಕುಳಿತಿದ್ದರು. ಬೆಳಗಾವಿಯ ನನ್ನ ಗೆಳತಿ ಕುಣಿದ ಕುಣಿತಕ್ಕೆ ವಾರ್ಡನ್ ಓಡಿ ಬಂದರು. ಬಂದವರು ದೀಪ ಆರಿಸದೆ ಬಾಗಿಲಲ್ಲೇ ನಿಂತು ಕೊನೆಯ ತನಕ ನೋಡಿದರು.

ಮರುದಿನ ನಾವೆಲ್ಲ ದೈಹಿಕ ಶಿಕ್ಷಣದ ಮೇಡಂ ಬಳಿ ಹೋಗಿ, ನಮಗೂ ಇಂಥದ್ದನ್ನು ಕಲಿಸಿ ಎಂದು ಕೇಳಿಕೊಂಡೆವು. ಅವರು ಗದರಲಿಲ್ಲ. ಗೋದಾಮಿನಲ್ಲಿ ಧೂಳು ಹಿಡಿದಿದ್ದ ತೆಂಗಿನ ನಾರಿನ ಚಾಪೆಗಳನ್ನು ಹೊರಗೆ ತೆಗೆಸಿದರು. “ಮೊದಲು ಬೀಳುವುದನ್ನು ಕಲಿಯಿರಿ, ಎಸೆಯುವುದು ಆಮೇಲೆ” ಎಂದರು. ಗದ್ದವನ್ನು ಎದೆಗೆ ಒತ್ತಿ ತಲೆಯನ್ನು ಕಾಯುವುದು, ನೆಲ ತಾಗುವ ಹೊತ್ತಿಗೆ ಉಸಿರನ್ನು ಬಿಡುವುದು, ಎರಡೂ ಅಂಗೈ ಬಡಿದು ಪೆಟ್ಟನ್ನು ಹಂಚಿಬಿಡುವುದು, ಮೊಣಕೈ ಊರದಿರುವುದು. ಮುಂಗಾರಿನ ಸಂಜೆಗಳಲ್ಲಿ ಹಳೆಯ ವ್ಯಾಯಾಮಶಾಲೆಯ ತಗಡಿನ ಕೆಳಗೆ ನಾವು ಬಿದ್ದದ್ದೇ ಬಿದ್ದದ್ದು. ಮೇಡಂಗೆ ಲೀಟಾ ಯಾರೆಂದು ಗೊತ್ತಿರಲಿಲ್ಲ. ಆದರೆ ಅವರು ಹೇಳಿಕೊಟ್ಟದ್ದನ್ನೇ ಲೀಟಾ ಮೆಕ್ಸಿಕೋದಲ್ಲಿ ಮೊದಲಿಗೆ ಕಲಿತಿರಬೇಕು, ಏಕೆಂದರೆ ಯಾವ ದೇಶದ ಕುಸ್ತಿಗೂ ಮೊದಲ ಪಾಠ ಅದೇ.

ಲೀಟಾಳ ಕುತ್ತಿಗೆ 2002ರ ಏಪ್ರಿಲ್‌ನಲ್ಲಿ ಒಂದು ಧಾರಾವಾಹಿಯ ಸಾಹಸ ದೃಶ್ಯದ ಚಿತ್ರೀಕರಣದಲ್ಲಿ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ವರ್ಷದ ಹತ್ತಿರ ಹತ್ತಿರ ದೂರ ಉಳಿದಳು. ಆಗ ನಾವು ಅಂತಿಮ ವರ್ಷದ ಹೊಸ್ತಿಲಲ್ಲಿದ್ದೆವು. ಹೊಸ ಕಿರಿಯ ವಿದ್ಯಾರ್ಥಿನಿಯರಿಗೆ ಅವಳ ಕಥೆಯನ್ನು ನಾವೇ ಹೇಳುತ್ತಿದ್ದೆವು. ಅವಳು ಮರಳಿ ಬಂದಳು. 2004ರ ಡಿಸೆಂಬರ್ 6ರಂದು ಅದೇ ಟ್ರಿಶ್ ಜೊತೆ ಮತ್ತೆ ರಾತ್ರಿಯ ಕೊನೆಯ ಪಂದ್ಯವಾಡಿ ಗೆದ್ದಳು. 2014ರಲ್ಲಿ ಆ ಕಂಪನಿಯ ಗೌರವ ಮಂದಿರಕ್ಕೆ, ಅಂದರೆ ಹಾಲ್ ಆಫ್ ಫೇಮ್‌ಗೆ, ಅವಳ ಹೆಸರು ಸೇರಿತು, ಪರಿಚಯಿಸಿದವಳು ಟ್ರಿಶ್. 2017ರಲ್ಲಿ ಹರಿಯಾಣದ ಕವಿತಾ ದೇವಿ ಸಲ್ವಾರ್ ಕಮೀಜ್ ತೊಟ್ಟೇ ಅಮೆರಿಕದ ಆ ಕಣಕ್ಕಿಳಿದಾಗ ನಾನು ಅಪ್ಪನಿಗೆ ಮೊಬೈಲಿನಲ್ಲಿ ವಿಡಿಯೊ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ನೋಡಿ, “ಹುಡುಗಿಗೆ ಕಾಲಿನ ಬಲ ಚೆನ್ನಾಗಿದೆಯವ್ವಾ” ಎಂದರು.

ಈಗ ನಾನು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ನನ್ನ ಹುಡುಗಿಯರು ತಾಲ್ಲೂಕು, ಜಿಲ್ಲಾ ಮಟ್ಟದ ಕುಸ್ತಿಗೆ ಹೋಗುತ್ತಾರೆ. ಕಣದ ಹತ್ತಿರ ಅವರನ್ನು ಯಾರೂ ತಡೆಯುವುದಿಲ್ಲ. ಕಳೆದ ಸಲ ಹಳೆಯ ವಿದ್ಯಾರ್ಥಿಗಳ ಸಭೆಗೆ ಬಂದಾಗ ವ್ಯಾಯಾಮಶಾಲೆಗೆ ಹೋಗಿದ್ದೆ. ಅದೇ ನಾರಿನ ಚಾಪೆಗಳು ಅಲ್ಲೇ ಇವೆ, ಅಂಚು ಹರಿದಿವೆ. ಆ ಟಿ.ವಿ. ಕೋಣೆಯ ಗೆಳತಿಯರೆಲ್ಲ ಸೇರಿ ಮಾತಾಡಿಕೊಂಡಿದ್ದೇವೆ: ವಿದ್ಯಾರ್ಥಿನಿಯರ ಅಭ್ಯಾಸಕ್ಕೆ ಸರಿಯಾದ ಕುಸ್ತಿ ಮ್ಯಾಟನ್ನು ನಾವು ಕೊಡಿಸುತ್ತೇವೆ. ಹಾಸಲು ಜಾಗವನ್ನೂ, ಸಂಜೆ ಒಂದು ಗಂಟೆಯ ಸಮಯವನ್ನೂ ಕಾಲೇಜು ಕೊಡಬೇಕು. ಬೀಳುವುದನ್ನು ಕಲಿಸಲು ವಾರಕ್ಕೊಮ್ಮೆ ನಾನೇ ಬರುತ್ತೇನೆ.