ದಿನಕ್ಕೊಂದು ಕೊಡ

ಅಟ್ಲಾಂಟಿಕ್ ಸಾಗರವನ್ನು ಹಾಯಿದೋಣಿಯಲ್ಲಿ ದಾಟಿ ಚಿತ್ರದುರ್ಗಕ್ಕೆ ಮರಳಿದ ಮೇಲೆ, ನೋಡಲು ಬಂದವರೆಲ್ಲ ಬಿರುಗಾಳಿ ಎದ್ದಿತ್ತೇ, ತಿಮಿಂಗಿಲ ಕಂಡಿತೇ, ಹೆದರಿಕೆಯಾಗಲಿಲ್ಲವೇ ಎಂದೇ ಕೇಳಿದರು. ದೊಡ್ಡಮ್ಮ ಮಾತ್ರ ಸೊಂಟದ ಮೇಲಿನ ಕೊಡವನ್ನು ಇಳಿಸುವ ಮೊದಲೇ, "ಅಲ್ಲ ಕಣಪ್ಪ, ಅಷ್ಟು ದಿನ ಕುಡಿಯಾಕೆ ನೀರು ಎಲ್ಲಿಂದ ತರ್ತಿದ್ರಿ?" ಎಂದರು. ಆ ದಿನ ಅವರಿಗೆ ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದೆ. ಈಗ ಸಾವಕಾಶವಾಗಿ ಬರೆಯುತ್ತಿದ್ದೇನೆ.

ನಾನು ಕೆಲಸದ ಮೇಲೆ ನೆದರ್ಲೆಂಡ್ಸ್‌ನಲ್ಲಿದ್ದಾಗ ವಾರಾಂತ್ಯಗಳಲ್ಲಿ ಹಾಯಿ ನಡೆಸುವುದನ್ನು ಕಲಿತವನು. ಅಲ್ಲಿ ಪರಿಚಯವಾದ ಡಚ್ ದಂಪತಿ ತಮ್ಮ 44 ಅಡಿ ಉದ್ದದ ದೋಣಿಯಲ್ಲಿ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿನ ಮಾರ್ಟಿನೀಕ್ ದ್ವೀಪಕ್ಕೆ ಹೊರಡುವವರಿದ್ದರು. ರಾತ್ರಿ ಪಾಳಿಗೆ ಜನ ಬೇಕಿತ್ತು, ಖರ್ಚಿನಲ್ಲಿ ಪಾಲು ಕೊಡಬೇಕಿತ್ತು. ಹೆಂಡತಿಯೇ ಸ್ಕಿಪ್ಪರ್, ಅಂದರೆ ದೋಣಿಯ ನಾಯಕಿ, ಗಂಡ ಎಂಜಿನ್ ನೋಡಿಕೊಳ್ಳುವವರು, ಜೊತೆಗೆ ಒಬ್ಬ ಪೋರ್ಚುಗೀಸ್ ಹುಡುಗ, ನಾಲ್ಕನೆಯವನು ನಾನು. ದೂರ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. ಇದೇನೂ ದೊಡ್ಡ ಸಾಹಸವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು 2017ರಲ್ಲಿ ಗೋವಾದಿಂದ 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಹೊರಟು 254 ದಿನಗಳಲ್ಲಿ ಭೂಮಿಯನ್ನೇ ಸುತ್ತಿ ಬಂದಿದ್ದಾರೆ. ಅದರ ಮುಂದೆ ನಮ್ಮದು ಸಂಜೆಯ ವಾಯುಸಂಚಾರ. ಕ್ಯಾನರಿಯಿಂದ ಪಶ್ಚಿಮಕ್ಕೆ ಹೋಗುವ ಈ ದಾರಿಯನ್ನು 1492ರಲ್ಲಿ ಕೊಲಂಬಸ್ ಹಿಡಿದಿದ್ದ. ಚಂಡಮಾರುತಗಳ ಕಾಲ ನವೆಂಬರ್ ಕೊನೆಗೆ ಮುಗಿದ ಮೇಲೆ, ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಬೆನ್ನಿಗೆ ಸಿಕ್ಕರೆ ದೋಣಿ ತಾನಾಗಿಯೇ ಪಶ್ಚಿಮಕ್ಕೆ ಹೋಗುತ್ತದೆ, ಹೋಗುವ ವೇಗ ಮಾತ್ರ ಸೈಕಲ್ ತುಳಿದಷ್ಟೇ. ಜೋಗಿಮಟ್ಟಿಯ ಗಾಳಿಯಲ್ಲಿ ಬೆಳೆದ ನನಗೆ ಗಾಳಿ ಹೊಸದಲ್ಲ. ಆದರೆ ಹಗಲಿಲ್ಲ ರಾತ್ರಿಯಿಲ್ಲ ಎನ್ನದೆ, ವಾರಗಟ್ಟಲೆ ಒಂದೇ ಕಡೆಯಿಂದ ಬೀಸುವ ಗಾಳಿಯನ್ನು ನಾನು ಕಂಡಿರಲಿಲ್ಲ.

ಗಾಳಿ ಬೆನ್ನಿಗಿದ್ದರೆ ಸುಖ ಎಂದು ಪುಸ್ತಕಗಳಲ್ಲಿ ಓದಿದ್ದೆ. ನಿಜವೆಂದರೆ, ಬೆನ್ನಿನ ಗಾಳಿಯಲ್ಲಿ ದೋಣಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೊಟ್ಟಿಲಿನಂತೆ ಹೊರಳುತ್ತಲೇ ಇರುತ್ತದೆ, ಅದೂ 21 ದಿನ. ಲೋಟವನ್ನು ಮೇಜಿನ ಮೇಲಿಟ್ಟು ಕೈಬಿಡುವಂತಿಲ್ಲ. ಒಲೆಯನ್ನೇ ಎರಡು ತಿರುಗಣಿಗಳ ಮೇಲೆ ತೂಗುಹಾಕಿರುತ್ತಾರೆ; ದೋಣಿ ವಾಲಿದರೂ ಒಲೆ ಸಮನಾಗಿ ನಿಲ್ಲುತ್ತದೆ, ಪಾತ್ರೆಗಳಿಗೆ ಅಕ್ಕಪಕ್ಕ ಕಂಬಿಗಳ ಹಿಡಿತವಿರುತ್ತದೆ, ಅಡುಗೆ ಮಾಡುವವನು ಮಾತ್ರ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ನಿಲ್ಲಬೇಕು. ದಾವಣಗೆರೆಯಿಂದ ಅಕ್ಕ ಕಟ್ಟಿಕೊಟ್ಟಿದ್ದ ಮಂಡಕ್ಕಿ ಸಮುದ್ರದ ತೇವಕ್ಕೆ ನಾಲ್ಕೇ ದಿನದಲ್ಲಿ ಮೆತ್ತಗಾಯಿತು. ಬಾಣಲೆಗೆ ಹಾಕಿ ಮತ್ತೆ ಹುರಿದು ತಿಂದೆವು. ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಕೊನೆಯ ದಿನದವರೆಗೂ ಮಾನ ಕಾಪಾಡಿದವು.

ರಾತ್ರಿ ಆರರಿಂದ ಬೆಳಗಿನ ಆರರವರೆಗೆ ಮೂರು ಮೂರು ಗಂಟೆಗಳ ನಾಲ್ಕು ಪಾಳಿ. ನನ್ನದು ಹನ್ನೆರಡರಿಂದ ಮೂರು. ಚುಕ್ಕಾಣಿಯನ್ನು ಯಂತ್ರವೇ ಹಿಡಿದಿರುತ್ತದೆ, ಪಾಳಿಯವನು ಕಾಲು ಗಂಟೆಗೊಮ್ಮೆ ಎದ್ದು ದಿಗಂತದ ಸುತ್ತಲೂ ಕಣ್ಣಾಡಿಸಬೇಕು, ಏಕೆಂದರೆ ಅಂಚಿನಲ್ಲಿ ಚುಕ್ಕಿಯಾಗಿ ಕಂಡ ಸರಕು ಹಡಗು ಅಷ್ಟು ಹೊತ್ತಿಗೆ ಮೈಮೇಲೆ ಬರಬಹುದು. ಎದೆಗೆ ಕಟ್ಟಿದ ಪಟ್ಟಿಯ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸದೆ ಮೇಲೆ ಕಾಲಿಡುವಂತಿಲ್ಲ, ಇದು ಸ್ಕಿಪ್ಪರ್ ಎಂದೂ ಸಡಿಲಿಸದ ಕಟ್ಟಳೆ. ಒಂದು ರಾತ್ರಿ ಜಿಪಿಎಸ್ ತೆರೆಯ ಮೇಲೆ ಅಕ್ಷಾಂಶ 14 ಡಿಗ್ರಿ 14 ಮಿನಿಟು ಉತ್ತರ ಎಂದು ಕಂಡಿತು. ಅದು ಚಿತ್ರದುರ್ಗದ ಅಕ್ಷಾಂಶ. ಧ್ರುವ ನಕ್ಷತ್ರ ದುರ್ಗದ ಮಾಳಿಗೆಯಿಂದ ಕಾಣುವಷ್ಟೇ ಕೆಳಗೆ, ಉತ್ತರದ ಅಂಚಿಗೆ ಹತ್ತಿರವಾಗಿ ಕುಳಿತಿತ್ತು. ಅದೇ ಗೆರೆಯನ್ನು ಹಿಡಿದು ಪೂರ್ವಕ್ಕೆ ನಡೆಯುತ್ತ ಹೋದರೆ ಮನೆ ಸಿಗುತ್ತದೆ ಎಂದು ಲೆಕ್ಕ ಹಾಕಿ, ನಡುವೆ ಇಡೀ ಆಫ್ರಿಕಾ ಇದೆಯೆಂದು ನೆನಪಾಗಿ ಒಬ್ಬನೇ ನಕ್ಕೆ.

ಇನ್ನು ನೀರಿನ ವಿಷಯ. ದೋಣಿಯ ತಳದಲ್ಲಿ 200 ಲೀಟರಿನ ಎರಡು ಟ್ಯಾಂಕುಗಳಿದ್ದವು. ಜೊತೆಗೆ ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವಿತ್ತು. ನಮ್ಮ ಹಳ್ಳಿಗಳಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ತಮ್ಮನೆಂದು ಅದನ್ನು ಕರೆಯಬಹುದು. ಅಲ್ಲಿ ಕೊಳವೆಬಾವಿಯ ಫ್ಲೋರೈಡ್ ತೆಗೆಯುವ ಪೊರೆ ಇಲ್ಲಿ ಉಪ್ಪನ್ನು ತೆಗೆಯುತ್ತದೆ. ಆದರೆ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುವುದರಿಂದ, ನೀರನ್ನು ಪೊರೆಯ ಮೂಲಕ ದೂಡಲು ವಾತಾವರಣದ ಒತ್ತಡದ 50–60 ಪಟ್ಟು ಒತ್ತಡ ಬೇಕು, ಆ ಒತ್ತಡವನ್ನು ಕೊಡುವ ಪಂಪು ಗಟ್ಟಿಯಾಗಿರಬೇಕು. ನಮ್ಮ ಪಂಪು ಗಟ್ಟಿಯಾಗಿರಲಿಲ್ಲ. ಹೊರಡುವ ಮುನ್ನ ಅದನ್ನು ಪರಿಶೀಲಿಸಿದವರು ಎಲ್ಲ ಸರಿಯಿದೆ ಎಂದು ರಸೀದಿ ಬರೆದುಕೊಟ್ಟಿದ್ದರು. ಒಂಬತ್ತನೆಯ ದಿನ ಬೆಳಿಗ್ಗೆ ಪಂಪಿನ ಸೀಲು ಒಡೆದು, ಎಂಜಿನ್ ಕೋಣೆಯ ಗೋಡೆಯ ಮೇಲೆಲ್ಲ ಉಪ್ಪುನೀರು ಚಿಮ್ಮಿತು. ಬೇರೆ ಸೀಲು ಇರಲಿಲ್ಲ. ಸ್ಕಿಪ್ಪರ್‌ನ ಗಂಡ ಸಂಜೆಯವರೆಗೂ ಸೈಕಲ್ ಟ್ಯೂಬು ಕತ್ತರಿಸಿ ಏನೇನೋ ಮಾಡಿದರು, ಆಗಲಿಲ್ಲ.

ಅಂದು ಒಂದು ಟ್ಯಾಂಕು ತುಂಬಿತ್ತು, ಇನ್ನೊಂದರಲ್ಲಿ 70 ಲೀಟರ್ ಇತ್ತು. ಆಪತ್ತಿಗೆಂದು ಮುಟ್ಟದೆ ಇಟ್ಟಿದ್ದ ಕ್ಯಾನುಗಳಲ್ಲಿ 60 ಲೀಟರ್. ಉಳಿದ ದಾರಿ 1,500 ಮೈಲಿಗಿಂತ ಸ್ವಲ್ಪ ಹೆಚ್ಚು, ಗಾಳಿ ಹೀಗೆಯೇ ಇದ್ದರೆ ಹನ್ನೆರಡು ದಿನ, ಗಾಳಿ ಬಿದ್ದುಹೋದರೆ ಎಷ್ಟೆಂದು ಹೇಳುವವರಿಲ್ಲ. ಮೂವರ ಮುಖವೂ ಸಣ್ಣಗಾಗಿತ್ತು. ನನಗೆ ಮಾತ್ರ, ಹೇಳಲು ಸಂಕೋಚವಾಗುತ್ತದೆ, ಹೊರಟ ಮೇಲೆ ಮೊದಲ ಸಲ ನಾನೊಂದು ಕೆಲಸಕ್ಕೆ ಬರುವ ಮನುಷ್ಯ ಎನ್ನಿಸಿತು. ವಾರಕ್ಕೊಮ್ಮೆ ನಲ್ಲಿ ಬರುತ್ತಿದ್ದ ಓಣಿಯಲ್ಲಿ ಬೆಳೆದವನು ನಾನು. ಯಾವ ಕೊಡದ ನೀರು ಯಾವುದಕ್ಕೆ, ಪಾತ್ರೆ ತೊಳೆದ ನೀರು ಎಲ್ಲಿಗೆ, ಕಾಲು ತೊಳೆದ ನೀರು ಯಾವ ಗಿಡಕ್ಕೆ ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಜಿಲ್ಲೆಯವರು ವಾಣಿವಿಲಾಸ ಸಾಗರ 1933ರಲ್ಲಿ ತುಂಬಿದ್ದನ್ನು ನೆನೆಯುತ್ತ, ಅದು ಮತ್ತೊಮ್ಮೆ ತುಂಬುವುದನ್ನು ನೋಡಲು 2022ರವರೆಗೆ, 89 ವರ್ಷ, ಕಾದವರು. ಹನ್ನೆರಡು ದಿನ ಕಾಯುವುದು ಎಷ್ಟರ ಮಾತು?

ತಲೆಗೆ ನಾಲ್ಕು ಲೀಟರ್, ನಾಲ್ವರಿಗೆ ಹದಿನಾರು ಎಂದು ನಾನು ಹೇಳಿದೆ. ಅದು ನಮ್ಮ ಮನೆಯ ಹಸಿರು ಪ್ಲಾಸ್ಟಿಕ್ ಕೊಡದ ಅಳತೆ. ದಿನಕ್ಕೊಂದು ಕೊಡದಂತೆ ಟ್ಯಾಂಕಿನ ನೀರು ಹದಿನಾರು ದಿನ ದಾಟುತ್ತದೆ, ಕ್ಯಾನುಗಳನ್ನು ಮುಟ್ಟಬೇಕಾಗಿಲ್ಲ. ಸ್ಕಿಪ್ಪರ್ ಒಪ್ಪಿ, ಆ ಕ್ಷಣದಿಂದ ನೀರಿನ ಯಜಮಾನಿಕೆಯನ್ನು ನನಗೇ ವಹಿಸಿದರು. ವಿದ್ಯುತ್ ಪಂಪಿನ ಫ್ಯೂಸ್ ತೆಗೆದು, ಕಾಲಿನಿಂದ ತುಳಿದರೆ ಬೊಗಸೆಯಷ್ಟೇ ನೀರು ಬರುವ ಪಂಪನ್ನು ಮಾತ್ರ ಉಳಿಸಿಕೊಂಡೆವು. ಬೆಳಿಗ್ಗೆ ಎದ್ದ ಕೂಡಲೇ ಪ್ರತಿಯೊಬ್ಬರ ಹೆಸರು ಬರೆದ ಬಾಟಲಿಗೆ ಎರಡೂವರೆ ಲೀಟರ್ ಅಳೆದು ಸುರಿಯುತ್ತಿದ್ದೆ. ಉಳಿದದ್ದು ಅಡುಗೆಗೆ ಮತ್ತು ಕಾಫಿಗೆ. ಅನ್ನಕ್ಕೆ ಮೂರು ಪಾಲು ಸಿಹಿನೀರು, ಒಂದು ಪಾಲು ಸಮುದ್ರದ ನೀರು. ಬೇರೆ ಉಪ್ಪು ಹಾಕುವ ಪ್ರಮೇಯವೇ ಇಲ್ಲ. ಪಾತ್ರೆ, ಬಟ್ಟೆ, ಸ್ನಾನ ಎಲ್ಲವೂ ಹಗ್ಗ ಕಟ್ಟಿ ಎಳೆದ ಬಕೆಟ್ಟಿನ ಉಪ್ಪುನೀರಿನಲ್ಲಿ. ಮೈಸೋಪಿಗೆ ಆ ನೀರಿನಲ್ಲಿ ನೊರೆ ಬರುವುದಿಲ್ಲ, ಪಾತ್ರೆ ತೊಳೆಯುವ ದ್ರವಕ್ಕೆ ಬರುತ್ತದೆ; ಆದ್ದರಿಂದ ನಾವು ನಾಲ್ವರೂ ನಿಂಬೆ ವಾಸನೆಯ ಪಾತ್ರೆಗಳಂತೆ ಹೊಳೆಯುತ್ತಿದ್ದೆವು.

ಜಗಳವೂ ಆಯಿತು. ಹನ್ನೊಂದನೆಯ ರಾತ್ರಿ ಪಾಳಿಗೆ ಎದ್ದಾಗ ಅಡುಗೆಮನೆಯಲ್ಲಿ ಕಾಲುಪಂಪಿನ ಸದ್ದು ನಿಲ್ಲದೆ ಕೇಳುತ್ತಿತ್ತು. ಪೋರ್ಚುಗೀಸ್ ಹುಡುಗ ತಲೆಗೂದಲಿನ ಉಪ್ಪು ತೊಳೆಯುತ್ತಿದ್ದ. ನಾನು ಕನ್ನಡದಲ್ಲಿ ಬೈದೆ. ಬೇರೆ ಯಾವ ಭಾಷೆಯಲ್ಲೂ ಅಷ್ಟು ಬೇಗ ಬೈಗುಳ ಒದಗಲಿಲ್ಲ. ಅವನಿಗೆ ಅರ್ಥವಾಗದಿದ್ದರೂ ವಿಷಯ ತಿಳಿಯಿತು. ಮಾರನೆಯ ದಿನ ತನ್ನ ಬಾಟಲಿಯನ್ನು ತಾನಾಗಿಯೇ ಅರ್ಧ ಮಾತ್ರ ತುಂಬಿಸಿಕೊಂಡ. 44 ಅಡಿಯ ಮನೆಯಲ್ಲಿ ಮುನಿಸಿಕೊಂಡು ಹೋಗಲು ಜಾಗವಿಲ್ಲ ಎಂಬುದು ಒಂದು ಅನುಕೂಲ. ಮಧ್ಯಾಹ್ನಕ್ಕೆ ಇಬ್ಬರೂ ಕೂಡಿ ಈರುಳ್ಳಿ ಹೆಚ್ಚಿದೆವು.

ಹದಿಮೂರನೆಯ ದಿನ ಮಳೆ ಬಂತು. ಪೂರ್ವದಲ್ಲಿ ಕಪ್ಪು ಮೋಡದ ಗೋಡೆ ಕಾಣುತ್ತಲೇ ಹಾಯಿಯನ್ನು ಅರ್ಧಕ್ಕೆ ಇಳಿಸಿ ಕಟ್ಟಿದೆವು, ಏಕೆಂದರೆ ಇಂಥ ಮೋಡದ ಅಡಿಯಲ್ಲಿ ಗಾಳಿ ನಿಮಿಷದೊಳಗೆ ಇಮ್ಮಡಿಯಾಗಬಹುದು. ಉಳಿದವರು ಹಗ್ಗ ಹಿಡಿದಿದ್ದರು; ನಾನು ಹಾಯಿ ಕಟ್ಟುವ ಕೂವೆಮರದ ಬುಡದಲ್ಲಿ, ಹಾಯಿಯ ಕೆಳಗಿನ ಮೂಲೆಗೆ ಬಕೆಟ್ ಒಡ್ಡಿ ಕುಳಿತೆ. ಹಾಯಿಯಿಂದ ಇಳಿದ ಮೊದಲ ನೀರು ಬರೀ ಉಪ್ಪು, ಎರಡು ವಾರದ ಸಿಂಪಡಿಕೆಯೆಲ್ಲ ಬಟ್ಟೆಗೆ ಅಂಟಿತ್ತು. ಸ್ಕಿಪ್ಪರ್ ಅದನ್ನೂ ಹಿಡಿ ಎಂದು ಕೂಗುತ್ತಿದ್ದರು. ನಾನು ಚೆಲ್ಲಿದೆ. ನಮ್ಮ ನಲ್ಲಿಯ ಮೊದಲ ಹತ್ತು ನಿಮಿಷದ ಕೆಂಪು ನೀರನ್ನು ಅಮ್ಮ ಚೆಲ್ಲುತ್ತಿದ್ದ ಹಾಗೆ, ನೆಕ್ಕಿ ನೋಡಿ ಚೆಲ್ಲಿದೆ, ಮತ್ತೆ ನೆಕ್ಕಿ ನೋಡಿ ಮತ್ತೆ ಚೆಲ್ಲಿದೆ. ಮೂರನೆಯ ಬಕೆಟ್ಟು ಸಿಹಿಯಾಗಿತ್ತು. ಮೋಡ ದಾಟುವಷ್ಟರಲ್ಲಿ ಮೂವತ್ತು ಲೀಟರಿನಷ್ಟು ಹಿಡಿದಿದ್ದೆ. ಕೋಟೆಯ ಬಂಡೆಗಳ ಮೇಲೆ ಬಿದ್ದ ಮಳೆಯನ್ನು ಗೋಪಾಲಸ್ವಾಮಿ ಹೊಂಡಕ್ಕೆ, ಅಲ್ಲಿಂದ ಅಕ್ಕ-ತಂಗಿ ಹೊಂಡಕ್ಕೆ ಇಳಿಸಿಕೊಂಡವರ ಊರಿನವನಿಗೆ ಇಷ್ಟಾದರೂ ಬರದಿದ್ದರೆ ಹೇಗೆ ಎಂದುಕೊಂಡೆ, ಮೈಯೆಲ್ಲ ನಡುಗುತ್ತಿದ್ದರೂ.

ಆಮೇಲಿನ ದಿನಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಗಾಳಿ ಕೈಕೊಡಲಿಲ್ಲ. ಕಂದು ಬಣ್ಣದ ಸರ್ಗಾಸಮ್ ಪಾಚಿಯ ಹಾಸುಗಳು ಎದುರಾದವು, ಬೆಳಗಾದರೆ ದೋಣಿಯ ಮೇಲೆ ಹಾರುಮೀನುಗಳು ಸತ್ತು ಬಿದ್ದಿರುತ್ತಿದ್ದವು. ಇಪ್ಪತ್ತೊಂದನೆಯ ದಿನ ಮಾರ್ಟಿನೀಕ್‌ನ ದಕ್ಷಿಣದ ಲ ಮರಾಂ ಬಂದರಿನಲ್ಲಿ ಹಗ್ಗ ಕಟ್ಟಿದೆವು. ಪಕ್ಕದ ದೋಣಿಯವನೊಬ್ಬ ಸಿಹಿನೀರಿನ ಪೈಪು ಹಿಡಿದು ತನ್ನ ದೋಣಿಯ ನೆಲವನ್ನು ತೊಳೆಯುತ್ತಿದ್ದ. ಪೈಪನ್ನು ಹಾಗೆಯೇ ಹರಿಯಬಿಟ್ಟು ಫೋನಿನಲ್ಲಿ ಮಾತಿಗೆ ನಿಂತ. ನಾನು ಎದ್ದು ಹೋಗಿ ನಲ್ಲಿಯನ್ನು ತಿರುಗಿಸಿ ಬಂದೆ. ಅವನು ದಿಟ್ಟಿಸಿದ, ಏನೂ ಅನ್ನಲಿಲ್ಲ.

ದೊಡ್ಡಮ್ಮನಿಗೆ ಇದನ್ನೆಲ್ಲ ಚುಟುಕಾಗಿ ಹೇಳಿದಾಗ ಅವರು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು. ಕೊನೆಗೆ, "ಊರು ಮುಟ್ಟಿದಾಗ ಎಷ್ಟು ನೀರು ಉಳ್ದಿತ್ತು?" ಎಂದರು. ಟ್ಯಾಂಕಿನಲ್ಲೇ ನೂರು ಲೀಟರ್ ಮೇಲಿತ್ತು, ಕ್ಯಾನು ಬೇರೆ, ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ದೊಡ್ಡಮ್ಮ ಕೊಡದ ಬಾಯಿಗೆ ಬಟ್ಟೆ ಮುಚ್ಚುತ್ತ ಅಂದರು:

"ಹಂಗಾದ್ರೆ ಪಾಪ, ಆ ಹುಡುಗ ತಲೆ ತೊಳ್ಕಂಡಿದ್ರೆ ಏನಾಗ್ತಿತ್ತು?"