‘ಲಸಿಕೆ ಬೇಡ ಅಂತ ಒಂದು ಚೀಟಿ ಬರೆಸಿಕೊಂಡರೆ ಆಗಲ್ವಾ?’

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಸರ್ಕಾರಿ ಶಾಲೆಗಳಿಗೆ ಮಕ್ಕಳನ್ನು ಸೇರಿಸಿಕೊಳ್ಳುವ ಕಚೇರಿಯಲ್ಲಿ ನನ್ನ ಕೆಲಸ. ನಾನು ಕನ್ನಡದವಳು ಅನ್ನೋದು ಒಬ್ಬರಿಂದ ಒಬ್ಬರಿಗೆ ಗೊತ್ತಾಗಿಬಿಟ್ಟಿದೆ. ಹಾಗಾಗಿ ಜುಲೈ, ಆಗಸ್ಟ್ ಬಂತೆಂದರೆ ವಾಟ್ಸಾಪ್‌ನಲ್ಲಿ ಗುರುತಿಲ್ಲದ ನಂಬರುಗಳಿಂದ ಮೆಸೇಜು ಶುರು. ಸುತ್ತಿ ಬಳಸಿ ಎಲ್ಲರೂ ಕೇಳುವುದು ಒಂದೇ: “ಅಕ್ಕಾ, ಮಗೂಗೆ ಶಾಟ್ಸ್ ಪೂರ್ತಿ ಆಗಿಲ್ಲ, ಸೇರಿಸಿಕೊಳ್ಳಲ್ಲ ಅಂತಿದ್ದಾರೆ. ಎಕ್ಸೆಂಪ್ಷನ್ ಅಂತ ಏನೋ ಇದೆಯಂತಲ್ಲ, ಡಾಕ್ಟರ್ ಹತ್ತಿರ ಅದನ್ನ ಬರೆಸಿಕೊಂಡರೆ ಆಗಲ್ವಾ?” ಶಾಟ್ಸ್ ಅಂದರೆ ಲಸಿಕೆ, ಎಕ್ಸೆಂಪ್ಷನ್ ಅಂದರೆ ಅದರಿಂದ ವಿನಾಯಿತಿ.

ಆಗಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ ಆಗಲ್ಲ. ಬೇರೆ ಕೆಲವು ರಾಜ್ಯಗಳಲ್ಲಿ ಆಗುತ್ತದೆ, ಆದರೆ ಅಲ್ಲಿಯೂ ಬೇಡ ಅಂತಲೇ ನಾನು ಹೇಳುವುದು.

ಇಷ್ಟು ವರ್ಷ ಈ ಪ್ರಶ್ನೆ ಕೇಳಿದ ಮೇಲೆ ಒಂದು ವಿಷಯ ಖಾತ್ರಿಯಾಗಿದೆ. ಕೇಳುವ ನಮ್ಮವರಲ್ಲಿ ಲಸಿಕೆಯ ವಿರೋಧಿಗಳು ತೀರಾ ಕಮ್ಮಿ. ಊರಲ್ಲಿ ತಾಯಿ ಕಾರ್ಡ್ ಹಿಡಿದುಕೊಂಡು ಸರದಿಯಲ್ಲಿ ನಿಂತು ಹಾಕಿಸಿದವರೇ ಇವರು. ಪಲ್ಸ್ ಪೋಲಿಯೊ ಭಾನುವಾರ ತಪ್ಪಿಸಿದವರಲ್ಲ. ಇಲ್ಲಿಗೆ ಬಂದ ಮೇಲೆ ಕಾಗದ ಹೊಂದುವುದಿಲ್ಲ, ಶಾಲೆ ಶುರುವಾಗಲು ಒಂದು ವಾರ ಇದೆ, ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದಿನ ತಿಂಗಳಿಗೆ ಸಿಕ್ಕಿದೆ. ಆಗ ಯಾರೋ ‘ಎಕ್ಸೆಂಪ್ಷನ್’ ಅಂತ ಕಿವಿಗೆ ಹಾಕಿರುತ್ತಾರೆ. ಇವರಿಗೆ ಬೇಕಿರುವುದು ವಿನಾಯಿತಿ ಅಲ್ಲ, ಒಂದು ಶಾರ್ಟ್‌ಕಟ್.

ಅದರಲ್ಲಿ ನಮ್ಮವರದೇ ವಿಶೇಷ ಏನೂ ಇಲ್ಲ ಅನ್ನಿ. ಮೊದಲು ಕ್ಯಾಲಿಫೋರ್ನಿಯಾದಲ್ಲಿ ‘ಇದು ನನ್ನ ನಂಬಿಕೆಗೆ ವಿರುದ್ಧ’ ಅಂತ ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕಿತ್ತು, ಮಗು ಶಾಲೆಯ ಒಳಗೆ. ಹಳೆಯ ದಾಖಲೆ ಹುಡುಕುವುದಕ್ಕಿಂತ ಸಹಿ ಹಾಕುವುದೇ ಸುಲಭ. 2013–14ರಲ್ಲಿ ಕಿಂಡರ್‌ಗಾರ್ಟನ್ ಮಕ್ಕಳಲ್ಲಿ ಶೇ. 3ಕ್ಕಿಂತ ಜಾಸ್ತಿ ಜನ ಹೀಗೆ ಬಂದವರು. ಆಮೇಲೆ ಒಂದು ಸಣ್ಣ ತಿದ್ದುಪಡಿ ಜಾರಿಗೆ ಬಂತು. ಸಹಿಗೆ ಮುಂಚೆ ಡಾಕ್ಟರ್ ಅಥವಾ ನರ್ಸ್ ಹತ್ತಿರ ಕೂತು ಮಾತಾಡಿ ಅವರ ಸಹಿಯನ್ನೂ ತರಬೇಕು, ಅಷ್ಟೇ. ಮರುವರ್ಷವೇ ಅದು ಸುಮಾರು ಶೇ. 2.5ಕ್ಕೆ ಇಳಿಯಿತು. ಒಂದು ಸಲ ಕ್ಲಿನಿಕ್ಕಿಗೆ ಹೋಗಿ ಬರಬೇಕು ಅಂದ ಕೂಡಲೇ ಕರಗುವ ನಂಬಿಕೆ ಎಂಥದ್ದು ಅಂತ ನೀವೇ ಯೋಚಿಸಿ.

ಅದೇ ಹೊತ್ತಿಗೆ, 2014ರ ಡಿಸೆಂಬರ್‌ನಲ್ಲಿ, ಆನಹೈಮ್‌ನ ಡಿಸ್ನಿಲ್ಯಾಂಡಿಗೆ ರಜೆಗೆ ಬಂದವರಲ್ಲಿ ದಡಾರ ಹರಡಿತು. 2000ದಲ್ಲಿ ದಡಾರ ನಮ್ಮ ದೇಶದಿಂದ ತೊಲಗಿತು ಅಂತ ಅಮೆರಿಕ ಘೋಷಿಸಿಕೊಂಡಿತ್ತು. ಈಗ ನೋಡಿದರೆ ಹಲವು ರಾಜ್ಯಗಳಲ್ಲಿ ಸೇರಿ 147 ಜನಕ್ಕೆ. ಹೆಚ್ಚಿನವರು ಕ್ಯಾಲಿಫೋರ್ನಿಯಾದವರೇ, ಅವರಲ್ಲಿ ಲಸಿಕೆ ಹಾಕಿಸದವರು ಬಹಳ. ಮಕ್ಕಳ ಡಾಕ್ಟರೂ ಆಗಿದ್ದ ರಾಜ್ಯದ ಸೆನೆಟರ್ ರಿಚರ್ಡ್ ಪ್ಯಾನ್, ಇನ್ನೊಬ್ಬ ಸೆನೆಟರ್ ಬೆನ್ ಆಲನ್ ಸೇರಿ ಎಸ್‌ಬಿ 277 ಅನ್ನುವ ಮಸೂದೆ ತಂದರು. ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ದೊಡ್ಡ ಗಲಾಟೆಯೇ ಆಯಿತು. 2015ರ ಜೂನ್ 30ರಂದು ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. ಧರ್ಮದ ಕಾರಣ, ಸ್ವಂತ ನಂಬಿಕೆಯ ಕಾರಣ ಎರಡೂ ಹೋದವು. ಉಳಿದದ್ದು ವೈದ್ಯಕೀಯ ಕಾರಣ ಒಂದೇ. ಸರ್ಕಾರಿ ಶಾಲೆ, ಖಾಸಗಿ ಶಾಲೆ, ಡೇಕೇರ್ ಎಲ್ಲಕ್ಕೂ ಇದೇ ನಿಯಮ. ಮನೆಯಲ್ಲೇ ಓದಿಸುವವರಿಗೆ ಇದು ಇಲ್ಲ.

ಜನ ಸುಮ್ಮನಿರುತ್ತಾರಾ? ಹೊಸ ದಾರಿ ಹುಡುಕಿದರು. ವೈದ್ಯಕೀಯ ವಿನಾಯಿತಿ ಮೊದಲು ಸಾವಿರಕ್ಕೆ ಇಬ್ಬರು ಮಕ್ಕಳಿಗೆ ಇತ್ತು. 2018–19ರ ಹೊತ್ತಿಗೆ ಸಾವಿರಕ್ಕೆ ಒಂಬತ್ತು. ಮೂರು ವರ್ಷದಲ್ಲಿ ರಾಜ್ಯದ ಮಕ್ಕಳ ಆರೋಗ್ಯ ಅಷ್ಟೊಂದು ಕೆಟ್ಟಿತಾ? ಇಲ್ಲ, ದುಡ್ಡು ಕೊಟ್ಟರೆ ಬರೆದುಕೊಡುವ ಡಾಕ್ಟರುಗಳು ಸಿಕ್ಕಿದ್ದರು. ಅದಕ್ಕೇ 2019ರಲ್ಲಿ ಎಸ್‌ಬಿ 276 ಬಂತು, ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದರು. 2021ರಿಂದ ಡಾಕ್ಟರ್ ಈ ವಿನಾಯಿತಿಯನ್ನು ರಾಜ್ಯದ ಆನ್‌ಲೈನ್ ವ್ಯವಸ್ಥೆಯಲ್ಲೇ ಕೊಡಬೇಕು. ಒಂದು ವರ್ಷದಲ್ಲಿ ಐದು ಅಥವಾ ಹೆಚ್ಚು ಬರೆದ ಡಾಕ್ಟರ್ ಆದರೆ, ಇಲ್ಲವೇ ಮಗುವಿನ ಶಾಲೆಯಲ್ಲಿ ಲಸಿಕೆ ಶೇ. 95ಕ್ಕಿಂತ ಕಮ್ಮಿ ಇದ್ದರೆ, ರಾಜ್ಯದ ಆರೋಗ್ಯ ಇಲಾಖೆ ಅದನ್ನು ಪರಿಶೀಲಿಸುತ್ತದೆ, ಬೇಕಾದರೆ ರದ್ದು ಮಾಡುತ್ತದೆ. ‘ನಮ್ಮ ಪರಿಚಯದ ಡಾಕ್ಟರ್ ಒಬ್ಬರಿದ್ದಾರೆ’ ಅನ್ನುವ ಮಾತು ಇಲ್ಲಿಗೆ ಮುಗಿಯಿತು.

ಶೇ. 95 ಯಾಕೆ? ದಡಾರ ಅಂಟುವ ರೀತಿಯೇ ಹಾಗೆ. ರೋಗ ಬಂದ ಮಗು ಕೋಣೆಯಿಂದ ಎದ್ದು ಹೋದ ಮೇಲೂ ಎರಡು ಗಂಟೆವರೆಗೆ ವೈರಸ್ ಗಾಳಿಯಲ್ಲಿ ಉಳಿಯಬಲ್ಲದು. ಹತ್ತಿರ ಇದ್ದವರಲ್ಲಿ, ಲಸಿಕೆ ಆಗದ, ಮೊದಲು ರೋಗವೂ ಬಾರದ ಹತ್ತು ಜನರಿದ್ದರೆ ಒಂಬತ್ತು ಜನಕ್ಕೆ ಬರಬಹುದು. ಅದು ಹರಡದೆ ನಿಲ್ಲಬೇಕಾದರೆ ನೂರರಲ್ಲಿ 95 ಮಕ್ಕಳಿಗೆ ಲಸಿಕೆ ಆಗಿರಬೇಕು. ಉಳಿದ ಐದರ ಜಾಗ ಬಿಎಂಟಿಸಿ ಬಸ್ಸಿನಲ್ಲಿ ಹಿರಿಯ ನಾಗರಿಕರಿಗೆ ಬಿಟ್ಟ ಸೀಟಿನ ಹಾಗೆ. ಅದರಲ್ಲಿ ಕೂರಬೇಕಾದವರು ಯಾರು? ರಕ್ತದ ಕ್ಯಾನ್ಸರ್‌ಗೆ ಕೀಮೊ ತೆಗೆದುಕೊಳ್ಳುತ್ತಿರುವ ಮಗು. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಮಗು. ಮೊದಲ ಡೋಸಿಗೇ ತೀವ್ರ ಅಲರ್ಜಿ ಆಗಿ ಉಸಿರುಗಟ್ಟಿದ ಮಗು. ನೆಗಡಿ ಇತ್ತು, ಅಣ್ಣನಿಗೆ ಇಂಜೆಕ್ಷನ್ ಆದಾಗ ಜ್ವರ ಬಂದಿತ್ತು, ಮೊಟ್ಟೆ ತಿಂದರೆ ತುರಿಕೆ ಆಗುತ್ತದೆ, ಇವು ಯಾವುದೂ ಕಾರಣ ಅಲ್ಲ. ಮೊಟ್ಟೆ ಅಲರ್ಜಿ ಇದ್ದರೂ ಎಂಎಂಆರ್, ಅಂದರೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ, ಹಾಕಿಸಬಹುದು.

‘ನಾವು ಸಸ್ಯಾಹಾರಿಗಳು, ಅದರಲ್ಲಿ ಜೆಲಟಿನ್ ಇದೆಯಂತೆ’ ಅಂತ ಕೇಳುವವರೂ ಇದ್ದಾರೆ. ಈ ಪ್ರಶ್ನೆಗೆ ನಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಿಜವಾಗಿಯೂ ಇದೆ. ಅಮೆರಿಕದಲ್ಲಿ ಬಹಳ ವರ್ಷಗಳಿಂದ ಕೊಡುತ್ತಿರುವ ಎಂಎಂಆರ್ ಲಸಿಕೆಯಲ್ಲಿ ಪ್ರಾಣಿಯಿಂದ ತೆಗೆದ ಜೆಲಟಿನ್ ಇದೆ. ಆದರೆ 2022ರಲ್ಲಿ ಪ್ರಯೋರಿಕ್ಸ್ ಅನ್ನುವ ಇನ್ನೊಂದು ಎಂಎಂಆರ್‌ಗೆ ಇಲ್ಲಿ ಒಪ್ಪಿಗೆ ಸಿಕ್ಕಿದೆ, ಅದರಲ್ಲಿ ಜೆಲಟಿನ್ ಇಲ್ಲ. ಡಾಕ್ಟರಿಗೆ ಮೊದಲೇ ಫೋನ್ ಮಾಡಿ ಇದು ಇದೆಯಾ ಅಂತ ಕೇಳಿ. ವಿನಾಯಿತಿ ಹುಡುಕುವುದಕ್ಕಿಂತ ಇದು ಸುಲಭ.

ಇನ್ನು ನಮ್ಮ ಮಕ್ಕಳ ಕಾಗದ ಯಾಕೆ ಹೊಂದುವುದಿಲ್ಲ ಅನ್ನುವುದಕ್ಕೆ ಬರೋಣ. ಊರಲ್ಲಿ ಎಲ್ಲಾ ಹಾಕಿಸಿದ್ದೀವಲ್ಲ ಅಂತ ನೀವು ಅನ್ನುವುದು ಸುಳ್ಳಲ್ಲ. ಆದರೆ ಭಾರತದ ಸರ್ಕಾರಿ ಪಟ್ಟಿಯಲ್ಲಿ ಇರುವುದು ಎಂಆರ್. ಅಂದರೆ ದಡಾರ ಮತ್ತು ರುಬೆಲ್ಲಾ. ಮಂಗನಬಾವು ಅದರಲ್ಲಿ ಇಲ್ಲ, ಇಲ್ಲಿ ಅದೂ ಬೇಕು. ಎಂಆರ್‌ನ ಮೊದಲ ಡೋಸು ಊರಲ್ಲಿ ಒಂಬತ್ತು ತಿಂಗಳಿಗೇ ಕೊಡುತ್ತಾರೆ. ನಮ್ಮಲ್ಲಿ ಎಳೆಗೂಸುಗಳಿಗೇ ದಡಾರ ಬರುವ ಅಪಾಯ ಇರುವುದರಿಂದ ಅದು ಸರಿಯೇ. ಇಲ್ಲಿ ಮಾತ್ರ ಒಂದು ವರ್ಷ ತುಂಬುವ ಮುಂಚೆ ಕೊಟ್ಟ ಡೋಸು ಲೆಕ್ಕಕ್ಕಿಲ್ಲ. ನಾಲ್ಕು ದಿನ ಆಚೀಚೆ ಆದರೆ ನಡೆಯುತ್ತದೆ, ಮೂರು ತಿಂಗಳು ನಡೆಯುವುದಿಲ್ಲ. ಹಾಗಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಎರಡೂ ಡೋಸು ಹಾಕಿಸಿಕೊಂಡ ಮಗುವಿಗೂ ಇಲ್ಲಿ ಮತ್ತೆ ಎಂಎಂಆರ್ ಬೇಕಾಗುತ್ತದೆ. ಖಾಸಗಿ ಡಾಕ್ಟರ ಹತ್ತಿರ ಹದಿನೈದು ತಿಂಗಳಿಗೊಂದು, ನಾಲ್ಕು ವರ್ಷ ದಾಟಿದ ಮೇಲೊಂದು ಎಂಎಂಆರ್ ಹಾಕಿಸಿದ್ದರೆ ಚಿಂತೆ ಇಲ್ಲ.

ಪೋಲಿಯೊ ಹನಿಯದು ಇನ್ನೊಂದು ಕಥೆ. 2016ರ ಏಪ್ರಿಲ್ ನಂತರ ಹಾಕಿದ ಹನಿಗಳನ್ನು ಇಲ್ಲಿ ಎಣಿಸುವುದಿಲ್ಲ, ಯಾಕೆಂದರೆ ಆಗಿನಿಂದ ಹನಿಯಲ್ಲಿ ಮೂರರ ಬದಲು ಎರಡು ಬಗೆಯ ಪೋಲಿಯೊ ವೈರಸ್ ಮಾತ್ರ ಇರುತ್ತದೆ. ಇಂಜೆಕ್ಷನ್ ರೂಪದ ಪೋಲಿಯೊ ಲಸಿಕೆ ಬೇಕು. ಚಿಕನ್‌ಪಾಕ್ಸ್ ನಮ್ಮ ಸರ್ಕಾರಿ ಪಟ್ಟಿಯಲ್ಲೇ ಇಲ್ಲ, ಇಲ್ಲಿ ಎರಡು ಡೋಸು ಕೇಳುತ್ತಾರೆ. ‘ಅವನಿಗೆ ಅಮ್ಮ ಬಂದು ಹೋಗಿದೆ’ ಅಂತ ಅಜ್ಜಿ ಹೇಳಿದರೆ ಸಾಲದು, ಅದನ್ನು ಡಾಕ್ಟರೇ ದಾಖಲಿಸಬೇಕು.

ತಾರೀಖಿನ ತಕರಾರು ಬೇರೆ. ನಮ್ಮ ಕಾರ್ಡಿನಲ್ಲಿ 03/04 ಅಂದರೆ ಏಪ್ರಿಲ್ 3. ಇಲ್ಲಿನವರು ಮಾರ್ಚ್ 4 ಅಂತ ಓದುತ್ತಾರೆ. ಎರಡು ಡೋಸಿನ ನಡುವೆ ಇರಬೇಕಾದ ಅಂತರ ಇದರಿಂದಲೇ ತಪ್ಪಿಹೋಗಿ ಮಗು ವಾಪಸ್ ಹೋಗಿದ್ದನ್ನು ನೋಡಿದ್ದೇನೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಸಿಕೊಂಡು ಬನ್ನಿ.

ಕಾರ್ಡೇ ಕಳೆದುಹೋಗಿದ್ದರೆ? ಮತ್ತೆ ಹಾಕಿಸಿ. ಒಂದು ಡೋಸು ಹೆಚ್ಚಾದರೆ ಮಗುವಿಗೆ ಹಾನಿ ಇಲ್ಲ, ಡಾಕ್ಟರುಗಳು ದಿನಾ ಮಾಡುವ ಕೆಲಸ ಇದು. ಎಂಎಂಆರ್, ಚಿಕನ್‌ಪಾಕ್ಸ್ ಎರಡನ್ನೂ ಒಂದೇ ದಿನ ಹಾಕಬಹುದು. ಮುಖ್ಯವಾದ ಮಾತು ಕೇಳಿ: ಎಲ್ಲಾ ಡೋಸು ಮುಗಿಯುವ ತನಕ ಮನೆಯಲ್ಲಿ ಕೂರಿಸಬೇಕಿಲ್ಲ. ಮೊದಲನೆಯದನ್ನು ಹಾಕಿಸಿ, ಮುಂದಿನದಕ್ಕೆ ಇನ್ನೂ ಸಮಯ ಇದ್ದರೆ, ಷರತ್ತಿನ ಮೇಲೆ ಸೇರಿಸಿಕೊಳ್ಳುತ್ತಾರೆ. ಮುಂದಿನ ತಾರೀಖು ತಪ್ಪಿಸಬಾರದು ಅಷ್ಟೇ. ಇನ್ಶೂರೆನ್ಸ್ ಇಲ್ಲದ ಮಕ್ಕಳಿಗೆ 1994ರಿಂದ ಇಲ್ಲಿನ ಕೇಂದ್ರ ಸರ್ಕಾರವೇ ಲಸಿಕೆ ಕೊಡುವ ಯೋಜನೆ ಇದೆ. ಅದೂ 1989ರಿಂದ 91ರವರೆಗೆ ದಡಾರ ಹಬ್ಬಿದ ಮೇಲೆ ಬುದ್ಧಿ ಬಂದು ಮಾಡಿದ್ದು.

“ಡಲ್ಲಾಸ್‌ನಲ್ಲಿ ನಮ್ಮ ಕಸಿನ್ ಬರೀ ಸಹಿ ಹಾಕಿ ಸೇರಿಸಿದ” ಅಂತ ಒಬ್ಬರಾದರೂ ಹೇಳೇ ಹೇಳುತ್ತಾರೆ. ಹೌದು, ಟೆಕ್ಸಸ್‌ನಲ್ಲಿ 2003ರಿಂದ ‘ಮನಸ್ಸಾಕ್ಷಿಯ ಕಾರಣ’ ಅಂತ ಅಫಿಡವಿಟ್ ಕೊಡಬಹುದು. ಮೊದಲು ಆ ಫಾರ್ಮನ್ನು ಇಲಾಖೆಗೆ ಕೇಳಿ ತರಿಸಿಕೊಳ್ಳಬೇಕಿತ್ತು, 2025ರ ಸೆಪ್ಟೆಂಬರ್‌ನಿಂದ ಡೌನ್‌ಲೋಡ್ ಮಾಡಿಕೊಳ್ಳಬಹುದು. ಅದೇ ವರ್ಷದ ಶುರುವಿನಲ್ಲಿ, ವಿನಾಯಿತಿ ಪಡೆದ ಮಕ್ಕಳು ರಾಜ್ಯದ ಸರಾಸರಿಗಿಂತ ಎಷ್ಟೋ ಜಾಸ್ತಿ ಇದ್ದ ಗೇನ್ಸ್ ಕೌಂಟಿಯಲ್ಲಿ ದಡಾರ ಎದ್ದಿತ್ತು. ಆಗಸ್ಟಿನಲ್ಲಿ ಅದು ಮುಗಿಯಿತು ಅನ್ನುವ ಹೊತ್ತಿಗೆ ಟೆಕ್ಸಸ್‌ನಲ್ಲಿ 762 ಜನಕ್ಕೆ ಬಂದಿತ್ತು. ಶಾಲೆಗೆ ಹೋಗುವ ವಯಸ್ಸಿನ ಇಬ್ಬರು ಮಕ್ಕಳು ಸತ್ತರು. ಇಬ್ಬರಿಗೂ ಲಸಿಕೆ ಆಗಿರಲಿಲ್ಲ. ಇಷ್ಟಾದ ಮೇಲೆ ಫಾರ್ಮನ್ನು ಇನ್ನೂ ಸುಲಭ ಮಾಡಿದ್ದು ನನಗಂತೂ ಅರ್ಥವಾಗುವುದಿಲ್ಲ. ನ್ಯೂಯಾರ್ಕ್ ತದ್ವಿರುದ್ಧ. ಬ್ರೂಕ್ಲಿನ್‌ನಲ್ಲಿ ದಡಾರ ಹಬ್ಬಿದ ಮೇಲೆ 2019ರಲ್ಲಿ ಧರ್ಮದ ವಿನಾಯಿತಿಯನ್ನೇ ತೆಗೆದುಹಾಕಿತು.

ಸಹಿ ಹಾಕಿದ ಕಸಿನ್‌ಗೆ ಒಂದು ಮಾತು ಹೇಳಿ. ಆ ಶಾಲೆಯಲ್ಲಿ ಒಂದು ದಡಾರದ ಕೇಸು ಬಂದರೆ ಲಸಿಕೆ ಇಲ್ಲದ ಮಗುವನ್ನು 21 ದಿನದವರೆಗೆ ಮನೆಗೆ ಕಳಿಸಬಹುದು. ಇನ್ನೊಂದು ಕೇಸು ಬಂದರೆ ಮತ್ತೆ ಮೊದಲಿನಿಂದ ಎಣಿಕೆ. ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ಹೋಗುವ ಮನೆಯಲ್ಲಿ ಇದರ ಅರ್ಥ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಕ್ಯಾಲಿಫೋರ್ನಿಯಾದ ಈ ಕಾನೂನಿನಲ್ಲಿ ನನಗೆ ಬೇಸರ ತರುವ ಒಂದು ಅಂಶವೂ ಇದೆ. ಹಟ ಹಿಡಿದ ಅಪ್ಪ ಅಮ್ಮ ಮಗುವನ್ನು ಶಾಲೆಯಿಂದಲೇ ಬಿಡಿಸಿ ಮನೆಯಲ್ಲಿ ಓದಿಸುತ್ತಾರೆ. ಆ ಮಗುವಿಗೆ ಲಸಿಕೆಯೂ ಇಲ್ಲ, ಗೆಳೆಯರೂ ಇಲ್ಲ. ಊರಿನ ಪದ್ಧತಿ ಇಲ್ಲಿ ನೆನಪಾಗುತ್ತದೆ. ನಮ್ಮಲ್ಲಿ ಶಾಲೆಯ ಬಾಗಿಲಲ್ಲಿ ತಡೆಯುವುದಿಲ್ಲ, ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ಬರುತ್ತಾಳೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಎಂಆರ್ ಅಭಿಯಾನ ಶುರುವಾದಾಗ ಶಾಲೆಗಳಿಗೇ ಹೋಗಿ ಹಾಕಿದರು. ಆಗ ವಾಟ್ಸಾಪ್ ವದಂತಿ ಕೇಳಿ ಹೆದರಿದವರೂ ಇದ್ದರು. ಹೆದರಿದವರ ಜೊತೆ ಕೂತು ಮಾತಾಡುವ ಆಶಾ ಅಂಥವರು ಇಲ್ಲಿಯ ವ್ಯವಸ್ಥೆಯಲ್ಲಿ ಇಲ್ಲ. ಇಲ್ಲಿ ನನ್ನಂಥ ಒಬ್ಬಳು ಕಿಟಕಿಯ ಹಿಂದೆ ಕೂತು ‘ಕಾಗದ ಸಾಲದು’ ಅನ್ನುತ್ತಾಳೆ.

ಶಾಲೆ ದಾಟಿದ ಮೇಲೂ ಈ ವಿಷಯ ಬಿಡುವುದಿಲ್ಲ. ನಮ್ಮವರಲ್ಲಿ ಬಹಳ ಜನ ಒಂದಲ್ಲ ಒಂದು ದಿನ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವವರು. ಆಗಿನ ವೈದ್ಯಕೀಯ ಪರೀಕ್ಷೆಯಲ್ಲಿ ಮಕ್ಕಳಿಗೂ ದೊಡ್ಡವರಿಗೂ ವಯಸ್ಸಿಗೆ ತಕ್ಕ ಲಸಿಕೆ ಆಗಿರಬೇಕು. ಅಲ್ಲಿ ಧರ್ಮ ಅಥವಾ ನೈತಿಕ ನಂಬಿಕೆಯ ಮೇಲೆ ವಿನಾಯಿತಿ ಕೇಳಬಹುದು, ಆದರೆ ಎಲ್ಲಾ ಲಸಿಕೆಗಳನ್ನೂ, ಯಾವ ರೂಪದಲ್ಲಿದ್ದರೂ, ನೀವು ವಿರೋಧಿಸುತ್ತೀರಿ, ಅದು ಪ್ರಾಮಾಣಿಕ ನಂಬಿಕೆ ಅಂತ ತೋರಿಸಬೇಕು. ತಾಯಿ ಕಾರ್ಡಿನಲ್ಲಿ ಬಿಸಿಜಿಯಿಂದ ಹಿಡಿದು ಅರ್ಧ ಪುಟ ತುಂಬಿರುವವರು ಅದನ್ನು ಹೇಗೆ ತೋರಿಸುತ್ತಾರೋ ನಾನು ಕಾಣೆ.