ನೀಲಿ ರಿಬ್ಬನ್ನಿನ ಇರೇನ್

ಜ್ಯೂರಿಚ್ ರೈಲು ನಿಲ್ದಾಣದಿಂದ 3ನೇ ನಂಬರಿನ ಟ್ರಾಮ್ ಹಿಡಿದರೆ ಸ್ವಲ್ಪ ಹೊತ್ತಿಗೆಲ್ಲ ಕುನ್ಸ್ಟ್‌ಹೌಸ್ ಎಂಬ ಕಲಾ ಸಂಗ್ರಹಾಲಯ ಬರುತ್ತದೆ. 2021ರಲ್ಲಿ ತೆರೆದ ಅದರ ಹೊಸ ಕಟ್ಟಡ ನನಗಂತೂ ದೊಡ್ಡ ಬ್ಯಾಂಕಿನಂತೆ ಕಂಡಿತು. ಊರಿಗೆ ತಕ್ಕ ಕಟ್ಟಡವೇ ಬಿಡಿ!

ನಾನು ಹೋದದ್ದು ಫ್ರೆಂಚ್ ಚಿತ್ರಕಾರ ರೆನ್ವಾರ್ 1880ರಲ್ಲಿ ಬರೆದ ಇರೇನ್ ಕಾಹೆನ್ ದಾನ್ವೆರ್ ಎಂಬ ಎಂಟು ವರ್ಷದ ಹುಡುಗಿಯ ಚಿತ್ರಕ್ಕಾಗಿ. ಎರಡಡಿಗಿಂತ ತುಸುವೇ ಹೆಚ್ಚು ಎತ್ತರದ ಕ್ಯಾನ್ವಾಸು. ಪ್ಯಾರಿಸ್ಸಿನ ಬ್ಯಾಂಕರ್ ಅಪ್ಪ ಮಗಳನ್ನು ಬರೆಸಿದ್ದು ಮನೆಯ ತೋಟದಲ್ಲಿ. ಮಡಿಲಲ್ಲಿ ಕೈ, ಹಿಂದೆ ಹಸಿರು ಪೊದೆ, ತಲೆಯಲ್ಲಿ ನೀಲಿ ರಿಬ್ಬನ್. ಮುಖವನ್ನು ರೆನ್ವಾರ್ ಪಿಂಗಾಣಿಯ ನುಣುಪಿನಲ್ಲಿ, ಜಾಗ್ರತೆಯಿಂದ ಬರೆದಿದ್ದಾನೆ. ದುಡ್ಡು ಕೊಡುವವರು ಮೊದಲು ನೋಡುವುದು ಅದನ್ನೇ ಅಲ್ಲವೇ? ಕುಂಚಕ್ಕೆ ಸ್ವಾತಂತ್ರ್ಯ ಸಿಕ್ಕಿರುವುದು ಕೂದಲಲ್ಲಿ. ಬೆನ್ನ ಮೇಲೆ, ತೋಳಿನ ಮೇಲೆ ಹರಡಿದ ಆ ಕೆಂಗಂದು ರಾಶಿಯ ಹತ್ತಿರ ಹೋದರೆ ಕೂದಲು ಮಾಯವಾಗಿ ಬರೀ ಬಣ್ಣದ ಎಳೆಗಳು ಉಳಿಯುತ್ತವೆ. ಇಷ್ಟಾದರೂ ಮನೆಯವರಿಗೆ ಚಿತ್ರ ಹಿಡಿಸಲಿಲ್ಲ. 1,500 ಫ್ರಾಂಕ್ ಸಂಭಾವನೆಗೆ ರೆನ್ವಾರ್ ಕಾಯಬೇಕಾಯಿತು.

ಚಿತ್ರದ ಮುಂದಿನ ಕಥೆ ತಿಳಿದ ಮೇಲೆ ಕೂದಲನ್ನಷ್ಟೇ ನೋಡಿಕೊಂಡು ನಿಲ್ಲುವುದು ಕಷ್ಟ. ಯಹೂದಿ ಕುಟುಂಬದ್ದಾದ ಈ ಕೃತಿಯನ್ನು ಯುದ್ಧಕಾಲದಲ್ಲಿ ನಾಜಿಗಳು ದೋಚಿದರು. ಅದು ಹಿಟ್ಲರನ ಬಲಗೈಯಂತಿದ್ದ ಗೋರಿಂಗ್‌ನ ಕೈಗೂ ಹೋಯಿತು. ಇರೇನ್‌ಳ ಮಗಳು ಬೆಯಾಟ್ರಿಸ್, ಅಳಿಯ, ಇಬ್ಬರು ಮೊಮ್ಮಕ್ಕಳು, ಎಲ್ಲರೂ ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಸ್‌ನಲ್ಲಿ ಸತ್ತರು. ಇರೇನ್ ಬದುಕುಳಿದಳು. 1946ರಲ್ಲಿ ಚಿತ್ರ ಮರಳಿ ಕೈಸೇರಿತು. ಮೂರು ವರ್ಷಕ್ಕೆ ಅದನ್ನು ಮಾರಿದಳು. ಕೊಂಡವನು ಎಮಿಲ್ ಬ್ಯೂರ್ಲೆ, ಅದೇ ಯುದ್ಧದಲ್ಲಿ ಜರ್ಮನಿಗೆ ವಿಮಾನ ನಿರೋಧಕ ತೋಪು ಮಾರಿ ಸಿರಿವಂತನಾದ ಸ್ವಿಸ್ ಉದ್ಯಮಿ. ಅವನ ಚಿತ್ರಸಂಗ್ರಹವೇ ಈಗ ಈ ಕಟ್ಟಡಕ್ಕೆ ಬಂದಿರುವುದು. ವ್ಯವಹಾರ ಕಾನೂನುಬದ್ಧ, ಮಾರಿದವಳು ಸ್ವತಃ ಇರೇನ್. ನನಗೆ ಮಾತ್ರ ಆ ಸಮಾಧಾನ ಸಾಲಲಿಲ್ಲ. ಅವಳಿಗಾದರೂ ಆ ಚಿತ್ರವನ್ನು ಮನೆಯ ಗೋಡೆಗೆ ತೂಗುಹಾಕಿ ದಿನವೂ ನೋಡಲು ಸಾಧ್ಯವಿತ್ತೇ?

ಇರೇನ್‌ಳ ಇಬ್ಬರು ತಂಗಿಯರನ್ನೂ ರೆನ್ವಾರ್ ಮರುವರ್ಷ ಜೊತೆಯಾಗಿ ಬರೆದ. ಅವರಲ್ಲಿ ಎಲಿಜಬೆತ್ ಆಶ್ವಿಟ್ಸ್‌ಗೆ ಸಾಗಿಸುವಾಗಲೇ ತೀರಿಕೊಂಡಳು. ಆ ಚಿತ್ರವಿರುವುದು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ. ನನ್ನ ಜೇಬಿಗೆ ನಿಲುಕದ ದೂರ. ಪ್ಯಾರಿಸ್ ಹಾಗಲ್ಲ, ಜ್ಯೂರಿಚ್‌ನಿಂದ ವೇಗದ ರೈಲಿನಲ್ಲಿ ನಾಲ್ಕು ಗಂಟೆ. ಇರೇನ್‌ಳ ಮೊದಲ ಗಂಡ ಮೊಯಿಸ್ ದ ಕಾಮೊಂಡೊ, 1917ರಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದ ಮಗ ನಿಸಿಮ್‌ನ ಹೆಸರಿನಲ್ಲಿ ದೇಶಕ್ಕೆ ಬಿಟ್ಟುಹೋದ ಮನೆ ಅಲ್ಲಿದೆ. ಸಂಜೆಯೇ ಟಿಕೆಟ್ ತೆಗೆದುಕೊಂಡೆ.